ಪರಮಣ್ಣ ಆರಾಮ ಅದಾನ

ತಪ್ಪು ನಡೆದದ್ದು ಪ್ರೀತಿಯಿಂದಲೇ. ಗಾರೆ ಕೆಲಸದ ಭೀಮಶಿ ಎದೆ ಹಿಡಿದುಕೊಂಡು ಕೂತಾಗ ಅವನ ಹತ್ತಿರ ಗೋವಾದ ಆರೋಗ್ಯ ಕಾರ್ಡು ಇರಲಿಲ್ಲ. ಅಲ್ಲಿನ ಚಿಂಬಲ್‌ಗೆ ಬಂದು ವರ್ಷವಾಗಿತ್ತಷ್ಟೆ. ಹಳಬನಾದ ಅಣ್ಣ ಪರಮಣ್ಣನದು ಇತ್ತು. ಇಬ್ಬರ ಮುಖವೂ ಒಂದೇ ಅಚ್ಚು. ಪರಮಣ್ಣ ಹಿಂದೆಮುಂದೆ ನೋಡದೆ ತಮ್ಮನನ್ನು ತನ್ನ ಹೆಸರಿನಲ್ಲೇ ಆಸ್ಪತ್ರೆಗೆ ಸೇರಿಸಿದ. ಸ್ಟೆಂಟು ಹಾಕಿದರು, ಜೀವ ಉಳಿಯಿತು. ಹೃದಯದ ರೋಗಿಗಳು ಮನೆಗೆ ಹೋದ ಮೇಲೆ ಹೇಗಿರುತ್ತಾರೆಂದು ಹಲವು ದೇಶದವರು ಕೂಡಿ ದಾಖಲೆ ಇಡುತ್ತಾರಂತೆ. ಅದರೊಳಗೂ ಪರಮಣ್ಣನ ಹೆಸರೇ ಸೇರಿತು.

ಆಮೇಲೆ ಗುಳಿಗೆ ಮುಗಿದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವಂತೆ, ಆಸ್ಪತ್ರೆಯಿಂದ ತರಲು ಹೋದರೆ ಸಿಕ್ಕಿಬೀಳುತ್ತೇವೆಂದು ಪರಮಣ್ಣ ಇವತ್ತು ನಾಳೆ ಎಂದ. 'ನಾ ಆರಾಮ ಅದೇನಿ, ಬಿಡೋ ಯಣ್ಣ' ಎಂದು ಭೀಮಶಿಯೂ ನಕ್ಕ. ಒಂದು ಮುಂಜಾನೆ ಸಿಮೆಂಟಿನ ಚೀಲ ಎತ್ತಲು ಬಗ್ಗಿದವನು ಮತ್ತೆ ಏಳಲಿಲ್ಲ.

ಊರಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ದ್ರಾಕ್ಷಾಯಿಣಿ ಭಾವನ ಕೋಣೆಯಲ್ಲೇ ಉಳಿದಳು. ಗಂಡ ಸತ್ತ ದುಃಖ ಒಂದು ಕಡೆ. ಯಾಕೆ ಸತ್ತನೆಂದು ಒಬ್ಬರೂ ಕೇಳಲಿಲ್ಲವಲ್ಲ ಎಂಬ ಉರಿ ಇನ್ನೊಂದು ಕಡೆ.

ಕೇಳುವವರು ಈ ಭಾನುವಾರ ಫೋನು ಮಾಡಿದರು. ದಾಖಲೆಯ ಕೆಲಸ ನೋಡುವ ಗೀತಾಂಜಲಿ, ಕನ್ನಡದ ಹುಡುಗಿ. ಫೋನು ಎತ್ತಿದ್ದು ಪರಮಣ್ಣನ ಹೆಂಡತಿ ಲಕ್ಷ್ಮವ್ವ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ಪರಮಣ್ಣಾರು ಹೆಂಗದಾರ್ರಿ?"

"ಆರಾಮ ಅದಾರ್ರಿ." ಲಕ್ಷ್ಮವ್ವ ತಾಳಿ ಹಿಡಿದುಕೊಂಡೇ ಹೇಳಿದಳು. ಪಾಪ, ಅವಳ ಮಟ್ಟಿಗೆ ಅದು ಸುಳ್ಳೂ ಅಲ್ಲ.

"ಗುಳಗಿ ತಪ್ಪದ ತಗೊಳಾಕತ್ತಾರಲ್ರಿ?"

"ಹೌದ್ರಿ."

"ಭಾಳ ಚಲೋ ಆತು. ಹಂಗ ಬರ್ಕೋತೇನ್ರಿ."

ದ್ರಾಕ್ಷಾಯಿಣಿ ಧಡಕ್ಕನೆ ಎದ್ದಳು. ಗುಳಿಗೆಯಿಲ್ಲದೆ ಸತ್ತವನು ಗುಳಿಗೆ ನುಂಗಿಕೊಂಡು ಸುಖವಾಗಿದ್ದಾನೆಂದು ದೇಶದೇಶದವರು ಓದಿದರೆ, ನಾಳೆ ಅಂಥ ಇನ್ನೊಬ್ಬನನ್ನು ಯಾರು ಕಾಯಬೇಕು? ಅವಳು ಫೋನು ಕಸಿದುಕೊಂಡಳು. ಪರಮಣ್ಣ ಕೈಮುಗಿದ. "ಬ್ಯಾಡವ್ವಾ, ಕಾರ್ಡ್ ಹೋಗ್ತೈತಿ. ನನ್ನ ಜೈಲಿಗೆ ಹಾಕ್ತಾರ."

"ಅವರು ತೀರ್ಕೊಂಡಾರ್ರಿ," ಎಂದಳು ದ್ರಾಕ್ಷಾಯಿಣಿ. "ಗುಳಗಿ ತರಾಕ ಅಂಜಿ ಕುಂತ್ವಿ, ಅದಕ್ಕ ತೀರ್ಕೊಂಡ್ರು."

"ಅಯ್ಯ, ಯಾರ್ರಿ? ಪರಮಣ್ಣಾರಾ?"

ಮದುವೆಯಾದಾಗಿನಿಂದ ಗಂಡನ ಹೆಸರನ್ನು ದ್ರಾಕ್ಷಾಯಿಣಿ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಕಲಿಸಿದ್ದಳು.

"ಭೀಮಶಿ," ಎಂದಳು. "ನನ್ನ ಗಂಡನ ಹೆಸರು ಭೀಮಶಿ ಅಂತ ಬರ್ಕೊಳ್ರಿ."