ಒಂದು ಸಲಿಕೆ ಹೆಚ್ಚು

ಇಸಾಮುವಿನ ಹೃದಯಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ಅಂದೇ ಹೇಳಿ ಕಳಿಸಿದ್ದರು, "ಈ ವರ್ಷ ಹಿಮ ಎತ್ತೋಕೆ ಹೋಗ್ಬೇಡಿ. ಮೈಗೆ ಚಳಿ, ಕೈಗೆ ಭಾರ. ಎರಡೂ ಒಟ್ಟಿಗೆ ಬಿದ್ರೆ ನಿಮ್ಮ ಹೃದಯ ತಡೆಯಲ್ಲ."

ಡಾಕ್ಟರ ಮಾತು ಮೀರುವ ಆಸಾಮಿಯಲ್ಲ ಇಸಾಮು. ಆದರೆ ಪಕ್ಕದ ಮನೆಯ ಇಗರಾಶಿಯವರು ಬಿಡಬೇಕಲ್ಲ! ಮಳೆಯಂತೆ ಹಿಮ ಸುರಿಯುವ ತೊಕಾಮಾಚಿ ಊರಿನ ಆ ಬೀದಿಯಲ್ಲಿ ತನ್ನ ಬಾಗಿಲ ಹಿಮ ಎತ್ತಿದವನು ನೆರೆಯವನ ಕಡೆಗೂ ಒಂದು ಸಲಿಕೆ ಹೆಚ್ಚು ಎತ್ತಬೇಕು, ಅದು ಮರ್ಯಾದೆ. ಆ ಋಣ ತೀರಿಸದಿದ್ದರೆ ಮಾನಗೇಡು. ಒಂದು ದಿನ ಇಗರಾಶಿ ಇಸಾಮುವಿನ ಬಾಗಿಲವರೆಗೂ ಎತ್ತಿದರೆ, ಮರುದಿನ ಇಸಾಮು ಅವರಿಗಿಂತ ಮೊದಲೇ ಎದ್ದು ಅವರ ಬಾಗಿಲವರೆಗೂ ಎತ್ತುತ್ತಿದ್ದ. ಉಪಕಾರಕ್ಕೂ ಜಿದ್ದಿಗೆ ಬೀಳುವ ಮುದುಕರಿಗೆ ಯಾರು ಬುದ್ಧಿ ಹೇಳಬೇಕು? ಹೇಳಿ ಹೇಳಿ ಇಸಾಮುವಿನ ಹೆಂಡತಿ ಫುಸಾಯೆಗೆ ಸಾಕಾಗಿಹೋಗಿತ್ತು.

ಕೊನೆಗೆ ಅವಳು ನಾಚಿಕೆ ಬಿಟ್ಟು, ಮೂಲಂಗಿ ಉಪ್ಪಿನಕಾಯಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು.

"ಟೋಕಿಯವ್ರೇ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ನಮ್ಮ ಕಡೆ ಹಿಮ ಎತ್ತೋದು ಬೇಡ. ನಮ್ಮವರಿಗೆ ಎದೆ ಸರಿ ಇಲ್ಲ. ಆದ್ರೂ ನಿಮ್ಮ ಋಣ ತೀರಿಸದೆ ಬಿಡಲ್ಲ."

ಇಗರಾಶಿಯವರ ಹೆಂಡತಿ ಟೋಕಿ ಚಹಾ ಕೆಳಗಿಟ್ಟಳು. "ಅಯ್ಯೋ, ನಮ್ಮವರದೂ ಅದೇ ಕಥೆ ಕಣ್ರೀ! ನಿಮ್ಮ ಯಜಮಾನ್ರು ಎತ್ತಿಕೊಟ್ರು ಅಂತ ಇವರು ಎದೆ ಹಿಡ್ಕೊಂಡೇ ಹೊರಡ್ತಾರೆ. ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಿಗೆ ಬೀಗ ಬೇರೆ."

ಇಬ್ಬರೂ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಅಂದು ರಾತ್ರಿಯೇ ಎರಡೂ ಮನೆಯಲ್ಲಿ ಸಲಿಕೆ ಬಚ್ಚಿಡುವುದು, ಬೀದಿಯವರು ಆಡಿಕೊಂಡರೆ ಆಡಿಕೊಳ್ಳಲಿ ಎಂದು ಮಾತಾಯಿತು.

ಮರುದಿನ ಸೊಂಟದ ಮಟ್ಟ ಹಿಮ. ಇಸಾಮು ಕಿಟಕಿಯಿಂದ ನೋಡಿ ಗಾಬರಿಯಾದ.

"ಇಗರಾಶಿ ಬಾಗಿಲಲ್ಲಿ ಹಿಮ ಹಾಗೇ ಇದೆಯಲ್ಲೇ! ಅವರಿಗೆ ಏನೋ ಆಗಿದೆ. ಸಲಿಕೆ ಎಲ್ಲಿ?"

"ಏನೂ ಆಗಿಲ್ಲ, ಕೂತ್ಕೊಳ್ರೀ. ಅವರಿಗೂ ನಿಮ್ಮದೇ ಕಾಯಿಲೆ." ಫುಸಾಯೆ ಎಲ್ಲವನ್ನೂ ಹೇಳಿದಳು.

ಅವನು ಮೆಲ್ಲಗೆ ಕುಳಿತ. "ಹಾಗಾದ್ರೆ ನಾವಿಬ್ರೂ ಮರ್ಯಾದೆ ಮರ್ಯಾದೆ ಅಂತ ಒಬ್ಬರನ್ನೊಬ್ಬರು ಸಾಯಿಸ್ತಾ ಇದ್ವಾ?"

"ಹೂಂ, ಮತ್ತೆ."

"ಹಂಗಿದ್ರೆ ನಾನೂ ಹೇಳಿಬಿಡ್ತೀನಿ. ನಿನ್ನೆ ಹಿಮ ಎತ್ತಿದಾಗಿಂದ ಎಡಗೈ ಜೋಮು ಕಣೆ. ಎದೆ ಮೇಲೆ ಏನೋ ಹೇರಿದ ಹಾಗಿದೆ."

"ಯಾಕ್ರೀ ಹೇಳ್ಲಿಲ್ಲ?"

"ನಿನಗೆ ನನ್ನಿಂದ ಸಾಕಾಗಿದೆ ಅಂತ..."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಫೋನು ಮಾಡಿದಳು. ಆಂಬುಲೆನ್ಸ್ ಹೊರಟಿದೆ, ಬಾಗಿಲಿಗೆ ದಾರಿ ಮಾಡಿಡಿ ಎಂದರು ಅತ್ತ ಕಡೆಯವರು. ಮದುವೆಯಾಗಿ ಬಂದಾಗಿನಿಂದ ಆ ಬೀದಿಯಲ್ಲಿ ಯಾರ ಮುಂದೆಯೂ ಕೈಚಾಚದಿದ್ದ ಫುಸಾಯೆ ಬಾಗಿಲು ತೆರೆದು ಗಂಟಲು ಹರಿಯುವ ಹಾಗೆ ಕೂಗಿದಳು.

"ಯಾರಾದ್ರೂ ಬನ್ನಿ! ದಾರಿ ಮಾಡ್ಕೊಡಿ!"

ಎಲ್ಲರಿಗಿಂತ ಮೊದಲು ತೆರೆದದ್ದು ಇಗರಾಶಿಯವರ ಬಾಗಿಲು. ಬಚ್ಚಿಟ್ಟಿದ್ದ ಸಲಿಕೆ ಅದು ಹೇಗೋ ಅವರ ಕೈಗೆ ಬಂದಿತ್ತು. ಟೋಕಿ ಅವರ ಕೋಟು ಹಿಡಿದು ಜೋತುಬಿದ್ದಿದ್ದಳು.

"ಇಗರಾಶಿಯವ್ರೇ, ನಿಮ್ಮ ದಮ್ಮಯ್ಯ, ಒಳಗೆ ಹೋಗಿ!" ಫುಸಾಯೆ ಅರಚಿದಳು. "ಇವತ್ತಿಗೆ ಒಬ್ಬರು ಸಾಕು!"

ಎದುರು ಸಾಲಿನವರು ಅಗೆಯುತ್ತಾ ಬಂದರು. ಇಗರಾಶಿ ಸಲಿಕೆ ಕೆಳಗೆ ಹಾಕಿ, ತಮ್ಮ ಬಾಗಿಲಲ್ಲೇ ಬರಿಗೈಯಲ್ಲಿ ನಿಂತು, ಎಲ್ಲರೆದುರು ಅತ್ತರು.