ಪೈಲಟ್ ದೊಡ್ಡಮುನಿಯಪ್ಪನ ಜಾಕೆಟ್ಟು

ಸೀಟ್ ಬೆಲ್ಟ್ ಬಿಗಿದರೆ ಗೆರೆ ಬೀಳುತ್ತದೆ. ಮುರಳಿಮೋಹನ್ ಅಪ್ಪನ ಜಾಕೆಟ್ಟನ್ನು ಪಕ್ಕದ ಸೀಟಿನಲ್ಲಿ ಹಾಗೆಯೇ ಕೂರಿಸಿ ಕಾರು ಹೊರಡಿಸಿದ. ಯಾರೋ ಕೂತಿದ್ದಾರೆಂದು ತಿಳಿದ ಕಾರು ಕೋಲಾರ ದಾಟುವವರೆಗೂ ಕೀಂಕೀಂ ಎನ್ನುತ್ತಲೇ ಇತ್ತು. ಮನೆಯಿಂದ ಇಬ್ಬರು ಹೊರಟು ಬಹಳ ಕಾಲವಾಗಿತ್ತು. ಆ ಸದ್ದು ಅವನಿಗೆ ಬೇಸರ ತರಲಿಲ್ಲ.

ಜಾಕೆಟ್ಟು ಕುರಿಚರ್ಮದ್ದು. ಒಳಗೆ ಉಣ್ಣೆ, ಹೊರಗೆ ಕಂದು ಬಣ್ಣದ ಲೇಪ. ಹಳೆಯ ಕಾಲದ ವಿಮಾನದವರು ಮೇಲಿನ ಚಳಿಗೆ ತೊಡುತ್ತಿದ್ದಂಥದ್ದು. ಅಪ್ಪ ದೊಡ್ಡಮುನಿಯಪ್ಪ ಹಾರಿದವನಲ್ಲ; ವಾಯುಪಡೆಯಲ್ಲಿ ವಿಮಾನದ ಚಕ್ರಗಳಿಗೆ ಗಾಳಿ ಹಾಕುತ್ತಿದ್ದವನು. ಯಾರೋ ಅಧಿಕಾರಿ ಕೊಟ್ಟ ಹಳೇ ಜಾಕೆಟ್ಟನ್ನು ಕ್ಯಾಲನೂರಿಗೆ ತಂದು, ಚಳಿಗಾಲದಲ್ಲಿ ಅದನ್ನು ತೊಟ್ಟು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ. ಊರು ಅವನನ್ನು ಪೈಲಟ್ ಅಂದಿತು. ಅವನೂ ಇಲ್ಲವೆನ್ನಲಿಲ್ಲ.

ಅಪ್ಪ ಸತ್ತ ಮೇಲೆ ಹಿರಿಯರ ಹಬ್ಬದಲ್ಲಿ ಎಡೆಯ ಮುಂದೆ ಇಡುವುದು ಅದನ್ನೇ. ಪೂಜೆಯಾದ ಮೇಲೆ ಮಗ ಸತ್ತವರ ಬಟ್ಟೆ ತೊಟ್ಟು ಮೊದಲ ತುತ್ತು ತಿನ್ನಬೇಕು. ಅವನು ತಿಂದರೆ ಹಿರಿಯರು ತಿಂದ ಹಾಗೆ. ಅಲ್ಲಿಯವರೆಗೆ ಮನೆಯವರೆಲ್ಲ ಉಪವಾಸ. ಇದು ಆ ಮನೆಯ ಪದ್ಧತಿ. ಮುರಳಿ ಪ್ರತಿ ವರ್ಷ ಶಿಫ್ಟ್ ಇದೆಯೆಂದು ಫೋನು ಮಾಡಿಬಿಡುತ್ತಿದ್ದ. ತಂಗಿ ಸುನಂದಳ ಗಂಡ ವೆಂಕಟ್ ತೊಟ್ಟು, ತಿಂದು, ಕೈ ತೊಳೆದುಕೊಳ್ಳುತ್ತಿದ್ದ.

ಈ ಸಲ ಅಮ್ಮನೇ ಫೋನು ಮಾಡಿದ್ದಳು. "ಅಳಿಯ ತಿಂದ್ರೆ ನಿಮ್ಮಪ್ಪನಿಗೆ ಸೇರಲ್ಲ ಕಣೋ. ನಾನು ಇರೋವಾಗ ಒಂದ್ಸಲನಾದ್ರೂ ನೀನು ತಿನ್ನು."

ಮುರಳಿಗೆ ಒಂದು ಸಲವಾದರೂ ಮಗನಾಗಬೇಕು ಅನ್ನಿಸಿತು. ಬಾಯಿಂದ ಬಂದದ್ದು ಮಾತ್ರ, "ಜಾಕೆಟ್ ಹೆಂಗಿದೆ? ಬಣ್ಣ ಏಳ್ತಿದೆಯಾ? ಕಳ್ಸು, ಸರಿ ಮಾಡ್ತೀನಿ."

ನರಸಾಪುರದ ಕಾರ್ಖಾನೆಯಲ್ಲಿ ಬೈಕಿನ ಟ್ಯಾಂಕುಗಳ ಪೇಂಟು ಪರೀಕ್ಷಿಸುವುದು ಅವನ ಕೆಲಸ. ಟ್ಯೂಬ್‌ಲೈಟುಗಳ ಸಾಲಿನ ಕೆಳಗೆ ಬಿಳಿ ಗ್ಲೌಸು ಹಾಕಿಕೊಂಡು ಗೀರು, ಗುಳ್ಳೆ, ಧೂಳಿನ ಕಣ ಹುಡುಕುತ್ತಾನೆ. "ನಿಮ್ಮನ್ನ ಮುಟ್ಟೋಕೂ ಗ್ಲೌಸ್ ಹಾಕ್ಕೋಬೇಕು ಕಣ್ರೀ," ಎಂದಿದ್ದಳು ಹೆಂಡತಿ ಮೇಘನ, ಮಾಲೂರಿನ ತವರಿಗೆ ಹೋಗುವ ಮುನ್ನ. ಹೋದವಳು ಬರಲಿಲ್ಲ. ಇವನು ಕರೆಯಲೂ ಇಲ್ಲ.

ರಜೆ ಹಾಕಿ ಜಾಕೆಟ್ಟಿನ ಮುಂದೆ ಕೂತ. ಅಮ್ಮ ವರ್ಷಾ ವರ್ಷಾ ಅದಕ್ಕೆ ಹರಳೆಣ್ಣೆ ತಿಕ್ಕಿದ್ದಳು, ಚಪ್ಪಲಿಗೆ ತಿಕ್ಕುವ ಹಾಗೆ. ಎಣ್ಣೆ ಕೂತ ಚರ್ಮಕ್ಕೆ ಬಣ್ಣ ಹಿಡಿಯದು. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿ ಒರೆಸಿ ತೆಗೆದ. ಚಕ್ಕೆ ಎದ್ದ ಕಡೆ ಹಗುರಾಗಿ ಉಜ್ಜಿದ. ಕಾಲರಿನ ಉಣ್ಣೆಗೆ ಕಾಗದ ಸುತ್ತಿ, ಚರ್ಮಕ್ಕೆಂದೇ ಮಾಡಿದ ಬಣ್ಣ ತರಿಸಿ, ಸ್ಪಂಜಿನಲ್ಲಿ ತೆಳ್ಳಗೆ ಒತ್ತಿ, ಆರಲು ಬಿಟ್ಟು ಮತ್ತೆ ಒತ್ತಿದ. ಚೆನ್ನಾಗಿಯೇ ಬಂತು. ಅಷ್ಟಕ್ಕೇ ಬಿಡಬಹುದಿತ್ತು.

ಬಿಡಲಿಲ್ಲ. ಯಾರಾದರೂ ಮುಟ್ಟಿದರೆ? ಇಷ್ಟು ಮಾಡಿದ್ದಕ್ಕೆ ಒಂದು ಕಾವಲು ಬೇಡವೇ? ಟ್ಯಾಂಕಿನ ಪೇಂಟಿನ ಮೇಲೆ ಹೊಳಪಿಗೆ ಹೊಡೆಯುವ ಲ್ಯಾಕರಿನ ಡಬ್ಬಿಯೊಂದು ಮನೆಯಲ್ಲಿತ್ತು. ಬಿಸಿಲು, ಮಳೆ, ಪೆಟ್ರೋಲು ಯಾವುದಕ್ಕೂ ಜಗ್ಗದ್ದು. ಎರಡು ಕೈ ಹೊಡೆದ. ಜಾಕೆಟ್ಟು ಫಳಫಳ ಹೊಳೆಯಿತು. ಜೀವಮಾನವೆಲ್ಲ ತಗಡು ನೋಡಿದವನಿಗೆ, ಚರ್ಮವೆಂಬುದು ಮಡಚಿಕೊಳ್ಳುತ್ತದೆ ಎನ್ನುವುದು ಈ ಬೆಳಿಗ್ಗೆ ಹ್ಯಾಂಗರಿನಿಂದ ಇಳಿಸುವಾಗ ನೆನಪಾಯಿತು. ಮೊಣಕೈ ಹತ್ತಿರ ಚಟ್ ಎಂದಿತು. ಗಟ್ಟಿಯಾದ ಲ್ಯಾಕರಿನಲ್ಲಿ ಕೂದಲೆಳೆಯಷ್ಟು ಬಿರುಕು.

ಕ್ಯಾಲನೂರಿನಲ್ಲಿ ಅಮ್ಮ ಅನಸೂಯಮ್ಮ ಬಾಗಿಲಲ್ಲೇ ಕಾದಿದ್ದಳು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಮಗನ ಕೈ ಹಿಡಿಯಲು ಬಂದಳು. ಎರಡೂ ಕೈಯಲ್ಲಿ ಜಾಕೆಟ್ಟಿತ್ತು. ಅದನ್ನೇ ಸವರಿದಳು.

"ಎಣ್ಣೆ ವಾಸ್ನೇನೇ ಇಲ್ವಲ್ಲೋ."

"ತೆಗೆದೆ."

"ಯಾಕೆ?"

"ಬಣ್ಣ ಹಿಡಿಯಲ್ಲಮ್ಮ."

"ಪಿಂಗಾಣಿ ಇದ್ದಂಗೈತೆ," ಎಂದು ಕೈ ಹಿಂದಕ್ಕೆಳೆದುಕೊಂಡಳು. "ಇರ್ಲಿ ಬಿಡು. ನೀನು ಬಂದ್ಯಲ್ಲ, ಸಾಕು."

ಅವಳಿಗೆ ಏನಾದರೂ ಹೇಳಬೇಕು ಎಂದು ಮುರಳಿಗೆ ಅನ್ನಿಸಿತು. "ಬಿಸಿಲಲ್ಲಿ ಇಡಬಾರ್ದು," ಎಂದ.

ಎಡೆಯಲ್ಲಿ ಮುದ್ದೆ, ಕೋಳಿಸಾರು, ವಡೆ, ಅಪ್ಪನ ಬೀಡಿಕಟ್ಟು. ಕರ್ಪೂರ ಬೆಳಗಿದ್ದಾಯಿತು. ವೆಂಕಟ್ ಹಿಂದಿನಿಂದ ಜಾಕೆಟ್ಟು ಹಿಡಿದ. ಮುರಳಿ ತೋಳು ತೂರಿಸಿದ.

"ಏನ್ ಭಾವ, ತಗಡು ಹೊಡ್ಸಿದ್ದೀರಾ?"

ಸುನಂದ ನಕ್ಕಳು. ಮುರಳಿಯೂ ನಗಲು ನೋಡಿದ. ಮೈಗೆ ಅಂಟದೆ ತೋಳುಗಳೆರಡೂ ಅತ್ತಿತ್ತ ನಿಂತಿದ್ದವು. ಒಳಗೆ ಉಣ್ಣೆ ಬೇಯಿಸುತ್ತಿತ್ತು. ಇಷ್ಟು ಹತ್ತಿರ ಅಪ್ಪ ಅವನನ್ನು ಯಾವತ್ತೂ ಅಪ್ಪಿಕೊಂಡಿರಲಿಲ್ಲ.

"ಕೂತ್ಕೊ. ತಿನ್ನು ನಾಯ್ನಾ," ಎಂದಳು ಅಮ್ಮ.

ಮಣೆಯ ಮೇಲೆ ಕೂತ. ಕೈ ನೀಡಿ ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ಎತ್ತಿದ. ಇನ್ನು ಮೊಣಕೈ ಮಡಚಬೇಕು, ಅಷ್ಟೇ. ಬಿರುಕು ಬಿಟ್ಟರೆ ಬಿಡಲಿ. ಹಾಗೆ ಅಂದುಕೊಂಡ, ತೋಳು ಕೇಳಲಿಲ್ಲ. ಸ್ವಲ್ಪ ಬಾಗಿಸಿದ. ಚಟ್. ಬೆಚ್ಚಿ ನೇರ ಮಾಡಿದ.

"ಏನಾಯ್ತಣ್ಣ? ನಾನು ತಿನ್ಸ್ಲಾ?"

"ಬ್ಯಾಡ," ಅಮ್ಮ ಸುನಂದಳನ್ನು ತಡೆದಳು. "ಅವನೇ ತಿನ್ಬೇಕು."

ಹಸಿದವರ ಮುಖಗಳು ಅವನ ಎದೆಯ ಹೊಳಪಿನಲ್ಲಿ ಸಾಲಾಗಿ ಕಂಡವು. ಅಮ್ಮನದೂ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು, ಅವನು ಮಗುವಾಗಿದ್ದಾಗ ಉಣ್ಣಿಸುವಾಗ ತೆರೆಯುತ್ತಿದ್ದ ಹಾಗೆ.

ಅವನು ತುತ್ತು ಹಿಡಿದ ಕೈಯನ್ನು ಎದುರಿಗೆ ನೀಡಿಕೊಂಡೇ ಕೂತಿದ್ದ. ಬೆರಳ ಸಂದಿನಿಂದ ಸಾರು ಇಳಿದು ಮುಂಗೈ ದಾಟಿ ತೋಳಿನ ಮೇಲೆ ಹರಿಯಿತು. ಎಲ್ಲೂ ನಿಲ್ಲದೆ ಜಾರಿ ನೆಲಕ್ಕೆ ತೊಟ್ಟಿಕ್ಕಿತು. ಲೇಪದ ಮೇಲೆ ಒಂದು ಗುರುತೂ ಉಳಿಯಲಿಲ್ಲ.