ಏಕಾದಶಿಯ ಮೀನು

"ಕೈ ಮುಂದೆ ಮಾಡು. ಮೂಸಬೇಕು."

ಹೀಗಂದವರು ನಮ್ಮ ಕಂಪನಿಯ ಮೀನು ನಿಯಂತ್ರಣಾಧಿಕಾರಿ ಯಜ್ಞೇಶ್ ಸಾಹೇಬರು. ಉಡುಪಿ ಕಡೆಯವರು. ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ನಮ್ಮ ಗುಂಪಿನ ಕೊರಗನ ಅಂಗೈಗೆ ಮೂಗು ತಂದವರೇ ಓಕರಿಕೆ ಬಂದು ಹಿಂದೆ ಸರಿದರು.

"ಮೀನಿನ ವಾಸನೆ! ಕದ್ದು ಮೇಲಿನ ಕೆರೆಯಲ್ಲಿ ಸಾಕ್ತಿದ್ದೀಯಲ್ಲ ಕಳ್ಳ?"

"ಬೆಳಿಗ್ಗೆಯಿಂದ ಮೀನೇ ಹಿಡಿಯುವುದಲ್ವಾ ಸಾರ್? ಮತ್ತೆ ಶಂಕರಪುರ ಮಲ್ಲಿಗೆಯ ಪರಿಮಳ ಬರ್ತದಾ?" ಅಂದ ಕೊರಗ.

ಉಳಿದ ಮೂವರು ನಕ್ಕೆವು.

ಈ ಅರಬ್ ನಾಡಿನ ಅಲ್ ವುಕೈರ್ ಊರಿನಿಂದಾಚೆ ಮರಳಿನಲ್ಲಿ ಎರಡು ಕೆರೆ. ಊರಿನ ಕೊಳೆನೀರನ್ನು ಶುದ್ಧ ಮಾಡಿ ಅವಕ್ಕೆ ಬಿಡುತ್ತಾರೆ. ನಡುವೆ ಕಾಲುವೆ, ಕಾಲುವೆಗೆ ಅಡ್ಡ ಕಬ್ಬಿಣದ ಜಾಲರಿ. ಕೆಳಗಿನ ಕೆರೆ ತುಂಬ ಜಿಲೇಬಿ ಮೀನು, ಯಾರೋ ಎಂದೋ ತಂದು ಬಿಟ್ಟದ್ದು. ಮೇಲಿನದರಲ್ಲಿ ಈ ನಾಡಿನದೇ ಬೆರಳುದ್ದದ ಮೀನು. ಜಿಲೇಬಿ ಅಲ್ಲಿಗೆ ಹೋದರೆ ಅವುಗಳ ಮೊಟ್ಟೆ ತಿಂದು ಮುಗಿಸುತ್ತದೆ. ಜಾಲರಿಗೆ ಬಂದ ಜಿಲೇಬಿಯನ್ನು ಹಿಡಿದು, ಕೊಂದು, ಹೂಳುವುದು ನಮ್ಮ ಕೆಲಸ. ಸೊಂಟದ ಮಟ್ಟ ನೀರಲ್ಲಿ ನಾವು, ಛತ್ರಿಯಡಿ ಸಾಹೇಬರು.

ಈಗ ಮೇಲಿನ ಕೆರೆಯಲ್ಲೂ ಜಿಲೇಬಿ ಸಿಕ್ಕಿದೆ. ತಪಾಸಣೆಗೆ ಸಾಹೇಬರ ಮೇಲಧಿಕಾರಿ ಕ್ಯಾರೊಲ್ ಮೇಡಂ ಬರುವವರಿದ್ದರು.

ಹೇಗೆ ಸೇರಿತೆಂದು ನಮಗೆ ಗೊತ್ತು. ಏಕಾದಶಿ ದಿನ ಕಣ್ಣೆದುರು ಜೀವ ಹೋಗುವುದು ಸಾಹೇಬರಿಗಾಗದು. "ಇವತ್ತು ಕೊಲ್ಲುವುದು ಬೇಡ ಮಾರಾಯ, ಆಚೆ ಬಿಡಿ" ಅನ್ನುತ್ತಿದ್ದರು. ಆಚೆ ಅಂದರೆ ಮೇಲಿನ ಕೆರೆ. ಕೆಳಗೆ ಬಿಟ್ಟರೆ ನಾಳೆ ತಿರುಗಿ ಜಾಲರಿಗೇ ಬಂದು ಸಾಯುತ್ತವೆ, ಪುಣ್ಯ ನಿಲ್ಲುವುದಿಲ್ಲವಂತೆ. ಕೊರಗ ಹೊಳೆದಂಡೆಯವನು. "ಸಾರ್, ಇದು ಬಾಯೊಳಗೆ ಮರಿ ಇಟ್ಕೊಂಡಿರ್ತದೆ. ಒಂದು ಬಿಟ್ರೆ ನೂರು" ಅಂದಿದ್ದ.

"ನೀನು ನನಗೆ ಧರ್ಮ ಹೇಳಿಕೊಡ್ಬೇಡ" ಎಂದು ಬಾಯಿ ಮುಚ್ಚಿಸಿದ್ದರು.

ಇವತ್ತು ಒಂದು ಕಾಗದ ತಂದಿದ್ದರು. ತಿನ್ನುವ ಆಸೆಗೆ ಮೀನನ್ನು ಮೇಲೆ ಬಿಟ್ಟವನು ಕೊರಗ, ಎಂದು ಬರೆದಿತ್ತು. ಗುಂಪಿನ ಮುಂದಾಳು ನಾನು, ಕೊಪ್ಪಳದ ಶಿವಪ್ಪ. ನನ್ನ ಸಹಿ ಬಿದ್ದರೆ ಕೊರಗನನ್ನು ವಾರದೊಳಗೆ ಕೆಲಸ ಬಿಡಿಸಿ ವಿಮಾನ ಹತ್ತಿಸುತ್ತಾರೆ.

"ಹಾಕು ಶಿವಪ್ಪ, ಯಲ್ಲಾ, ಬೇಗ! ಅವನೊಬ್ಬ ಹೋಗ್ತಾನೆ, ಖಲಾಸ್."

"ಏಳನೇತ್ತ ಪಾಸ್ ಆಗೇನ್ರಿ ಸಾಹೇಬ್ರ. ಓದಲಾರದ ಸಹಿ ಹಾಕಂಗಿಲ್ಲ. ಈಗ ಓದೀನಿ, ಇನ್ನ ಹಾಕಂಗೇ ಇಲ್ಲ."

"ನಿನ್ನನ್ನೂ ಕಳಿಸ್ತೇನೆ, ಬೋಳಿಮಗನೆ!"

ಅಷ್ಟರಲ್ಲಿ ಮೇಡಂ ಕಾರಿನಿಂದಿಳಿದರು. ಮಂಗಳೂರಿನವರು, ಕನ್ನಡ ಚೆನ್ನಾಗಿ ಬರುತ್ತದೆ. ಸಾಹೇಬರು ಕಾಗದ ಮಡಚಿ ಹಲ್ಲು ಕಿರಿದರು.

"ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ನೋಡ್ತೇನೆ" ಅಂದರು ಮೇಡಂ.

ಬಲೆ ಎಳೆದೆವು. ಇಪ್ಪತ್ತರ ಮೇಲೆ ಜಿಲೇಬಿ. ತಂದು ಸಾಹೇಬರ ಹೊಳೆಯುವ ಬೂಟಿನ ಪಕ್ಕದಲ್ಲೇ ಸುರಿದೆ.

"ಸಾಹೇಬ್ರ, ಇವತ್ತ ಏಕಾದಶಿ ಐತ್ರಿ. ಎಂದಿನಂಗ ಮೇಲಿನ ಕೆರಿಗೇ ಬಿಡೂದೇನು?"

ಮೇಡಂ ಕಪ್ಪು ಕನ್ನಡಕ ತೆಗೆದರು. "ಎಂದಿನ ಹಾಗೆ ಅಂದ್ರೆ?"

ಸಾಹೇಬರು ಕೊಲ್ಲಿ ಅನ್ನಲಿಲ್ಲ. ಬಿಡಿ ಅನ್ನಲಿಲ್ಲ. ಅವರು ಹೇಳುವ ತನಕ ಮೀನು ಮುಟ್ಟುವುದಿಲ್ಲವೆಂದು ಕೊರಗ ಮೊದಲು ಕಟ್ಟೆಯ ಮೇಲೆ ಕುಳಿತ. ಪಕ್ಕದಲ್ಲಿ ನಾನು, ಆಮೇಲೆ ಉಳಿದಿಬ್ಬರು. ಮೀನುಗಳು ಪಟಪಟ ಒದ್ದಾಡುತ್ತಿದ್ದವು.

"ಲಗೂನ ಬಾಯಿ ಬಿಡ್ರಿ ಸಾಹೇಬ್ರ," ಅಂದೆ. "ಜೀವ ಹೋಗಾಕತ್ತಾವ."